ಸಹಾಯ ಬೇಕು: ಲಂಡನ್‌ನಿಂದ ಒಂದು ದಿನದ ಸಮುದ್ರ ತೀರದ ಪ್ರವಾಸ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ಲಂಡನ್‌ನಲ್ಲಿ ಇರುತ್ತೇನೆ. ಒಂದು ದಿನ ಬ್ರೈಟನ್‌ಗೆ ಹೋಗಿ, ಅಲ್ಲಿಂದ ಸೆವೆನ್ ಸಿಸ್ಟರ್ಸ್ ಎಂಬ ಕಡಲ ಬಂಡೆಗಳನ್ನು ನೋಡಿಕೊಂಡು ರಾತ್ರಿಯೊಳಗೆ ವಾಪಸ್ ಬರುವ ಆಸೆ. ಆ ಬಿಳಿ ಬಂಡೆಗಳ ಫೋಟೋ ನೋಡಿದಾಗಿನಿಂದ ಅಮ್ಮ ಅದನ್ನೇ ಕೇಳುತ್ತಿದ್ದಾರೆ. ಲಂಡನ್‌ನ ವಿಕ್ಟೋರಿಯಾ ಸ್ಟೇಷನ್‌ನಿಂದ ಬ್ರೈಟನ್‌ಗೆ ರೈಲಿನಲ್ಲಿ ಸುಮಾರು 1 ಗಂಟೆ. ಮೂವರು ಒಟ್ಟಿಗೆ ಹೋದರೆ, ರಶ್ ಇಲ್ಲದ ಹೊತ್ತಿನ ಟಿಕೆಟ್‌ಗೆ ಗ್ರೂಪ್‌ಸೇವ್ ಎಂಬ ಗುಂಪು ರಿಯಾಯಿತಿಯಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸರಿ.

ಯೋಚನೆ ಇರುವುದು ಅಮ್ಮನ ಮಂಡಿ ನೋವಿನದು. ಬ್ರೈಟನ್ ಬೀಚ್‌ನಲ್ಲಿ ಮರಳಿಗಿಂತ ಗುಂಡು ಕಲ್ಲುಗಳೇ ಜಾಸ್ತಿ, ಕಾಲಿಟ್ಟ ಕಡೆ ಜಾರುತ್ತವೆ. ಸೆವೆನ್ ಸಿಸ್ಟರ್ಸ್ ಪಕ್ಕದ ಬರ್ಲಿಂಗ್ ಗ್ಯಾಪ್ ಬೀಚ್‌ನಲ್ಲಿ ನೀರಿನ ಹತ್ತಿರ ಹೋಗಲು ಕಡಿದಾದ ಮೆಟ್ಟಿಲು ಇಳಿಯಬೇಕು. ಬಂಡೆಯ ಅಂಚು ಆಗಾಗ ಕುಸಿಯುತ್ತದೆ, ಹಾಗಾಗಿ ತುದಿಗೆ ಹೋಗುವ ಮಾತೇ ಇಲ್ಲ.

ಜಾಸ್ತಿ ನಡೆಯದೆ ಬಂಡೆಗಳು ಚೆನ್ನಾಗಿ ಕಾಣುವ ಜಾಗ ಯಾವುದು? ಕೂರಲು ಬೆಂಚು, ಶೌಚಾಲಯ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಬ್ರೈಟನ್‌ನಿಂದ ಸೆವೆನ್ ಸಿಸ್ಟರ್ಸ್ ದಾಟಿ ಈಸ್ಟ್‌ಬೋರ್ನ್ ಊರಿನ ಕಡೆ ಹೋಗುವ 12ನೇ ನಂಬರ್ ಬಸ್ಸಿನಲ್ಲಿ ಸಂಜೆ ವಾಪಸ್ ಬರುವಾಗ ಸೀಟು ಸಿಗುತ್ತದಾ? ಅಥವಾ ಬ್ರೈಟನ್ ಬಿಟ್ಟು ಸೀದಾ ಈಸ್ಟ್‌ಬೋರ್ನ್‌ಗೆ ಹೋಗುವುದೇ ವಾಸಿನಾ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರಿದ್ದರೆ ದಯವಿಟ್ಟು ಹೇಳಿ, ಟಿಕೆಟ್ ಈ ವಾರವೇ ಮಾಡಿಸಬೇಕು.