ದೇವರಿಗೂ ತಾಳ ತಪ್ಪಬಾರದು

"ಕಣ್ಣು ಮುಚ್ಚಿಕೊಂಡೇ ಆಡಬಹುದು ಕಣೋ ಅದನ್ನ," ಎಂದ ವಾಸು. ಮೃದಂಗ ಕಲಿತವನು. ಕಿವಿಯ ಪರ ವಾದ ಮಾಡದೆ ಇನ್ನೇನು ಮಾಡುತ್ತಾನೆ?

ಮಾತು ನಡೆದಿದ್ದು 'ಪಟಾಪಾನ್' ಬಗ್ಗೆ, ಅದು ಕಿವಿಯ ಆಟವೋ ಕಣ್ಣಿನ ಆಟವೋ ಎಂದು. 2007ರ ಕೊನೆಗೆ ಜಪಾನಿನಲ್ಲಿ, ಕೈಯಲ್ಲಿ ಹಿಡಿದು ಆಡುವ ಸೋನಿ ಯಂತ್ರ ಪಿಎಸ್‌ಪಿಗೆ ಬಂದ ಆಟ. ಅದರಲ್ಲಿ ನೀವು ದೇವರು. ಕೆಲಸ ಮಾತ್ರ ನಗಾರಿ ಬಾರಿಸುವುದು. ಚೌಕದ ಗುಂಡಿ ಒತ್ತಿದರೆ 'ಪಟ', ವೃತ್ತಕ್ಕೆ 'ಪಾನ್', ತ್ರಿಕೋನಕ್ಕೆ 'ಚಕ'. 'ಪಟ ಪಟ ಪಟ ಪಾನ್' ಎಂದರೆ ನಿಮ್ಮ ಪುಟಾಣಿ ಸೈನ್ಯ ಮುಂದೆ ನಡೆಯುತ್ತದೆ. 'ಪಾನ್ ಪಾನ್ ಪಟ ಪಾನ್' ಎಂದರೆ ಈಟಿ ಎಸೆಯುತ್ತದೆ. 'ಚಕ ಚಕ ಪಟ ಪಾನ್' ಎಂದರೆ ಗುರಾಣಿ ಅಡ್ಡ ಹಿಡಿಯುತ್ತದೆ.

"ನಾಲ್ಕು ಏಟು ನಿನ್ನದು, ನಾಲ್ಕು ಏಟು ಅವುಗಳದ್ದು. ಒಟ್ಟು ಎಂಟು. ನಮ್ಮ ಆದಿತಾಳವೇ ಅಲ್ವಾ?" ಎಂದ ವಾಸು.

"ಆದಿತಾಳದಲ್ಲಿ ಈಟಿ ಎಸೆಯೋದನ್ನ ಯಾವ ಮೇಷ್ಟ್ರು ಹೇಳಿಕೊಟ್ಟರಪ್ಪ?" ಎಂದಳು ಶೈಲಾ.

ಆ ಎರಡನೇ ನಾಲ್ಕು ಏಟಿನಲ್ಲೇ ಆಟದ ಮಜಾ ಇರುವುದು. ನೀವು ಬಾರಿಸಿದ್ದನ್ನು ಸೈನ್ಯ ತಿರುಗಿ ಹಾಡುತ್ತದೆ. ಅಷ್ಟು ಹೊತ್ತು ನೀವು ಸುಮ್ಮನಿರಬೇಕು. ಹೆಚ್ಚುಕಡಿಮೆ ಎರಡು ಸೆಕೆಂಡು, ಅಷ್ಟೇ. ಮಧ್ಯೆ ಗುಂಡಿ ಮುಟ್ಟಿದಿರೋ, ಅಲ್ಲಿಯವರೆಗೆ ಕಟ್ಟಿದ ಲಯವೆಲ್ಲ ನೀರುಪಾಲು. ರಘುವಿಗೆ ಇದು ಆಗದ ಕೆಲಸ. ಇನ್ನೊಬ್ಬರ ಮಾತು ಮುಗಿಯುವವರೆಗೆ ಅವನು ಬಾಯಿ ಮುಚ್ಚಿಕೊಂಡಿದ್ದನ್ನು ನಾವ್ಯಾರೂ ನೋಡಿಲ್ಲ.

"ಅಲ್ಲ, ನಾನು ಹೇಳೋದು—"

"ನೋಡು, ಇನ್ನೂ ಸೈನ್ಯದ ಸರದಿ," ಎಂದಳು ಶೈಲಾ.

ರಘು ಹೇಳಹೊರಟಿದ್ದು ಚಿತ್ರದ ವಿಚಾರ. ಅದರಲ್ಲಿ ಹುರುಳಿತ್ತು ಅನ್ನಿ. ಸೈನಿಕರೆಲ್ಲ ಕಪ್ಪು ನೆರಳುಗಳು. ಮೈಯೆಲ್ಲ ಒಂದೇ ಒಂದು ದೊಡ್ಡ ಕಣ್ಣು, ಅದಕ್ಕೆ ಸಣ್ಣ ಕೈಕಾಲು. ಮರ, ಹುಲ್ಲು, ಶತ್ರು, ಎಲ್ಲವೂ ಕಪ್ಪು. ಹಿಂದಿನ ಆಕಾಶಕ್ಕೆ ಮಾತ್ರ ಬಣ್ಣ. ಚಿತ್ರಗಳ ಹಿಂದಿರುವವನು ರೋಲಿಟೋ ಎಂಬ ಫ್ರೆಂಚ್ ಕಲಾವಿದ. ಪಿಎಸ್‌ಪಿಯ ಪರದೆ 4.3 ಇಂಚು. ಅಷ್ಟು ಜಾಗದಲ್ಲಿ ಮೂಗು, ಮೀಸೆ, ಅಂಗಿಯ ಗುಂಡಿ ಎಲ್ಲ ಬಿಡಿಸಿದ್ದರೆ ಯುದ್ಧದಲ್ಲಿ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ನೆರಳಾದರೆ ಈಟಿಯವನು ಯಾರು, ಬಾವುಟ ಹಿಡಿದವನು ಯಾರು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

"ಮತ್ತೆ ಪರದೆಯ ಅಂಚು? ಪ್ರತಿ ಏಟಿಗೂ ಮಿನುಗುತ್ತದಲ್ಲ! ಕಿವಿಗೆ ಹತ್ತಿ ತುರುಕಿಕೊಂಡೂ ಆಡಬಹುದು," ಎಂದ ರಘು.

"ಹತ್ತಿ ತುರುಕಿಕೊಂಡರೆ ಹಾಡು ತುಂಬಿಕೊಳ್ಳೋದು ಹೇಗೆ ಗೊತ್ತಾಗುತ್ತೆ?" ಎಂದು ವಾಸು ಎದ್ದೇ ಕೂತ.

ಅದೂ ನಿಜವೇ. ಮೊದಲಿಗೆ ಸಂಗೀತ ತೆಳ್ಳಗಿರುತ್ತದೆ. ನೀವು ತಪ್ಪದೆ ಬಾರಿಸಿದಷ್ಟೂ ವಾದ್ಯ ಸೇರುತ್ತವೆ, ದನಿ ಸೇರುತ್ತವೆ. ಹೆಚ್ಚೆಂದರೆ ಹತ್ತು ಸುತ್ತು ಸರಿಯಾದರೆ 'ಫೀವರ್'. ಸೈನ್ಯಕ್ಕೆ ಮೈಮೇಲೆ ಬಂದಂತೆ ಕುಣಿತ, ಕಿರುಚಾಟ. ಒಂದು ಏಟು ತಪ್ಪಿತೋ, ಎಲ್ಲ ಆರಿಹೋಗಿ ಬರೀ ತಾಳ ಉಳಿಯುತ್ತದೆ. ಬೇರೆ ಆಟಗಳಲ್ಲಿ ತಪ್ಪಿಗೆ ಅಂಕ ಕಡಿತ. ಇಲ್ಲಿ ಮೆರವಣಿಗೆಯೇ ನಿಂತುಹೋಗುತ್ತದೆ. ನನಗಂತೂ ಇದೇ ದೊಡ್ಡ ಶಿಕ್ಷೆ.

"ಟಿವಿಯಲ್ಲಿ ಆಡಿದಾಗ ನನ್ನ ಸೈನ್ಯ ಮೂರು ಹೆಜ್ಜೆಯೂ ಇಡಲಿಲ್ಲ," ಎಂದು ರಘು ಗೊಣಗಿದ. 2017ರಲ್ಲಿ ಸೋನಿಯದೇ ಟಿವಿಗೆ ಜೋಡಿಸುವ ಯಂತ್ರ ಪಿಎಸ್4ಗೆ ಬಂದ ಹೊಸ ರೂಪವನ್ನು ಆಡಿ, ತನಗೆ ತಾಳಜ್ಞಾನವೇ ಇಲ್ಲವೆಂದು ಅವನೇ ತೀರ್ಪು ಕೊಟ್ಟುಕೊಂಡಿದ್ದ. ಪಾಪ, ತಪ್ಪು ಪೂರ್ತಿ ಅವನದಲ್ಲ. ಈಗಿನ ಟಿವಿಗಳು ಚಿತ್ರವನ್ನು ಶೃಂಗಾರ ಮಾಡಿ ಹೊರಗೆ ಬಿಡುವಷ್ಟರಲ್ಲಿ ಕಣ್ಣೆವೆಯಷ್ಟು ತಡವಾಗುತ್ತದೆ. ಅರ್ಧ ಸೆಕೆಂಡಿಗೊಂದು ಏಟು ಬೀಳುವ ಆಟದಲ್ಲಿ ಆ ತಡವೂ ಜಾಸ್ತಿಯೇ. ಬ್ಲೂಟೂತ್ ಇಯರ್‌ಫೋನಿನದೂ ಇದೇ ಕಥೆ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಗುಂಡಿ, ಪರದೆ, ಸ್ಪೀಕರ್ ಒಂದೇ ಡಬ್ಬಿಯಲ್ಲಿರುತ್ತವೆ, ಜಗಳವಿಲ್ಲ.

"ಹಾಗಾದರೆ ಪರೀಕ್ಷೆ ಮಾಡೇಬಿಡೋಣ," ಎಂದು ಶೈಲಾ ತನ್ನ ಹಳೇ ಪಿಎಸ್‌ಪಿ ತಂದಳು. ಮೊದಲು ರಘು, ದನಿ ಪೂರ್ತಿ ಇಳಿಸಿ. ಅಂಚಿನ ಮಿನುಗು ನೋಡುತ್ತಾ ಅಚ್ಚುಕಟ್ಟಾಗಿ ನಡೆಸಿದ. ಆಮೇಲೆ ನಮಗೇನೋ ಹೇಳಲು ತಲೆ ಎತ್ತಿದ. ಅಲ್ಲಿಗೆ ಮುಗಿಯಿತು.

ವಾಸು ಕಣ್ಣು ಮುಚ್ಚಿ ಕೂತ. ಎದುರಿಗೆ ಡೊಡೊಂಗಾ, ಡೈನೊಸಾರಿನಂಥ ದೈತ್ಯ. ಅದು ಬೆಂಕಿ ಉಗುಳುವ ಮುಂಚೆ ಮೈ ತೋರಿಸುವ ಸೂಚನೆ ನೋಡಿ ಗುರಾಣಿ ಎತ್ತಿಸಬೇಕು. ವಾಸು ಯಾವ ಸೂಚನೆ ನೋಡಬೇಕು? ಪಟ ಪಟ ಪಟ ಪಾನ್. ಪಟ ಪಟ ಪಟ ಪಾನ್. ಫೀವರ್ ಬಂತು. ಸೈನ್ಯ ಹಾಡುತ್ತಾ ಕುಣಿಯುತ್ತಾ ನೇರ ದೈತ್ಯನ ಬಾಯಿಗೇ ಹೋಯಿತು.

"ಎಲ್ಲರನ್ನೂ ತಿನ್ನಿಸಿಬಿಟ್ಟೆಯಲ್ಲೋ!" ಎಂದಳು ಶೈಲಾ.

ವಾಸು ಕಣ್ಣು ಬಿಟ್ಟ. "ಒಂದು ಏಟಾದರೂ ತಪ್ಪಿತಾ, ಅದು ಹೇಳು."