ಓದುಗರ ಸ್ಪಂದನ: “ಮಗ ಮೆರವಣಿಗೆಗೆ ಕರೆಯುತ್ತಿದ್ದಾನೆ, ಹೋಗಲೇ?”

ಹಿಂದಿನ ಸಂಚಿಕೆಯಲ್ಲಿ ಮೈಸೂರಿನ ತಾಯಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತಾನು ಸಲಿಂಗಿ ಎಂದು ಹೇಳಿ ಮೂರು ವರ್ಷವಾಗಿದೆ. ಮನೆಯವರು ನಿಧಾನವಾಗಿ ಒಪ್ಪಿಕೊಂಡಿದ್ದಾರೆ. ಈಗ ಅವನು ನವೆಂಬರ್‌ನಲ್ಲಿ ನಡೆಯುವ ‘ನಮ್ಮ ಪ್ರೈಡ್’ ಎಂಬ, ಸಲಿಂಗಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಒಟ್ಟಾಗಿ ನಡೆಯುವ ಮೆರವಣಿಗೆಗೆ ಅಮ್ಮನನ್ನೂ ಕರೆಯುತ್ತಿದ್ದಾನೆ. “ಕಾನೂನು ಬದಲಾಯಿತು, ನಾವೂ ಬದಲಾದೆವು. ಇನ್ನೂ ಬೀದಿಗೆ ಬಂದು ಹೇಳುವುದು ಯಾಕೆ? ನಮ್ಮ ಬೀದಿಯವರು ಟೀವಿಯಲ್ಲಿ ನೋಡಿದರೆ?” ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರು ಕೇಳಿಕೊಂಡಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಮಗ ಕರೆದಿರುವುದು ನಿಮ್ಮನ್ನು. ನಡುವೆ ಬೀದಿಯವರು ಯಾಕೆ ಬಂದರು? ಅವನಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತವರು ಬೀದಿಯವರಾ?
— ಓದುಗ, ಧಾರವಾಡ

ಈ ಪತ್ರ ಸ್ವಲ್ಪ ಖಾರವಾಗಿದೆ, ತಾಯಿ ಬೇಸರ ಮಾಡಿಕೊಳ್ಳಬಾರದು. ಮುಂದಿನದು ಉದ್ದವಾಗಿದೆ. ಮೊಟಕು ಮಾಡಲು ನಮಗೆ ಮನಸ್ಸು ಬರಲಿಲ್ಲ.

ಮೈಸೂರಿನ ತಂಗಿಗೆ,
ನನಗೆ 61 ವರ್ಷ, ಅದಕ್ಕೇ ತಂಗಿ ಅನ್ನುತ್ತಿದ್ದೇನೆ. ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ನನಗೊಬ್ಬ ತಮ್ಮನಿದ್ದ. 2008ರ ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಪ್ರೈಡ್ ಮೆರವಣಿಗೆ ನಡೆಯಿತು. ಮಾರನೇ ದಿನ ಪೇಪರಿನಲ್ಲಿ ಫೋಟೊ ಬಂದಿತ್ತು. ಆಗ ಎಷ್ಟೋ ಜನ ಮುಖವಾಡ ಹಾಕಿಕೊಂಡು ನಡೆದಿದ್ದರು. ಗುರುತು ಸಿಕ್ಕರೆ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೆ ಅನ್ನುವ ಭಯ. ಆ ಫೋಟೊದಲ್ಲಿ ಮುಖವಾಡದ ಹುಡುಗನೊಬ್ಬ ಕೈ ಮೇಲೆತ್ತಿದ್ದ. ಕೈಯಲ್ಲಿ ನಮ್ಮಪ್ಪನ ಎಚ್‌ಎಂಟಿ ವಾಚು. ತಮ್ಮನ ಮಣಿಕಟ್ಟು ತುಂಬಾ ಸಣ್ಣ. ಹೊಸ ಪಟ್ಟಿ ಹಾಕಿಸಿದಾಗ ನಾನೇ ಅಂಗಡಿಯವನಿಗೆ ಹೇಳಿ ಒಂದು ತೂತು ಜಾಸ್ತಿ ಮಾಡಿಸಿದ್ದೆ. ಮಿಕ್ಕ ಪಟ್ಟಿಯ ತುದಿ ಯಾವಾಗಲೂ ಹೊರಗೆ ಚಾಚಿಕೊಂಡಿರುತ್ತಿತ್ತು. ಫೋಟೊದಲ್ಲೂ ಹಾಗೇ ಚಾಚಿಕೊಂಡಿತ್ತು.

ಆ ಪುಟ ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಅವನಿಗೆ ಫೋನ್ ಮಾಡಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗಲೂ ಕೇಳಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಕಣ್ಣು ವಾಚಿನ ಮೇಲೆ ಹೋಯಿತು. ನಾನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಸುಮ್ಮನಾದೆವು.

ಎಂಟು ವರ್ಷ ಹೀಗೇ ಹೋಯಿತು. 2016ರಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. “ಅಕ್ಕಾ, ನಾನು ಅವನ ರೂಮ್‌ಮೇಟ್” ಅಂದರು. ಕಾಮಾಲೆ ಜಾಸ್ತಿಯಾಗಿ ಐಸಿಯುನಲ್ಲಿದ್ದಾನೆ, ಮನೆಯವರ ಸಹಿ ಬೇಕಂತೆ. ಒಂಬತ್ತು ವರ್ಷ ಅವನ ಜೊತೆ ಸಂಸಾರ ಮಾಡಿದ್ದವರು ಅವರು. ಅವನು ಯಾವ ಮಾತ್ರೆ ನುಂಗುತ್ತಾನೆ, ಯಾವುದು ಆಗಿಬರುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ಸಹಿ ನಡೆಯುವುದಿಲ್ಲ. ನಾನು ತುಮಕೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಬೆಳಗಿನ ಜಾವ. ಫಾರಂನಲ್ಲಿ ‘ಸಂಬಂಧ’ ಅಂತ ಇದ್ದ ಕಡೆ ‘ಅಕ್ಕ’ ಅಂತ ಬರೆದೆ. ಬರೆಯುವಾಗ ಕೈ ನಡುಗಿತು. ಎಂಟು ವರ್ಷ ನಾನು ಅಕ್ಕನ ಕೆಲಸ ಮಾಡಿರಲಿಲ್ಲ. ಅವರು ಹೊರಗೆ ಬೆಂಚಿನ ಮೇಲೆ ತಮ್ಮನ ಬಟ್ಟೆಯ ಕವರ್ ಹಿಡಿದುಕೊಂಡು ಕೂತಿದ್ದರು. ವಾಚು ಅದರಲ್ಲೇ ಇತ್ತು. ಮೂರನೇ ದಿನ ತಮ್ಮ ಹೋದ.

2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ಸಂಜೆ ಅವರು ನಮ್ಮ ಮನೆಗೆ ಬಂದರು. ಸ್ವೀಟ್ ಬಾಕ್ಸ್ ತಂದಿದ್ದರು. ಅದನ್ನು ಬಿಚ್ಚದೆ ಇಬ್ಬರೂ ಕೂತು ಅತ್ತೆವು. ಅಕ್ಕಿ ಡಬ್ಬದ ಕೆಳಗಿನ ಪೇಪರನ್ನು ಆವತ್ತು ಅವರಿಗೆ ಕೊಟ್ಟೆ. ಆ ಫೋಟೊದಲ್ಲಿ ತಮ್ಮನ ಪಕ್ಕ ಅರ್ಧ ಮಾತ್ರ ಕಾಣುತ್ತಿದ್ದವರು ಅವರೇ ಅಂತ ನನಗೆ ಗೊತ್ತಾಗಿದ್ದು ಆಗ.

ನೀವು ಹೋಗಬೇಕೋ ಬೇಡವೋ ಅಂತ ಹೇಳುವಷ್ಟು ದೊಡ್ಡವಳು ನಾನಲ್ಲ. ನಿಮ್ಮ ಮಗ ಕರೆದಿದ್ದಾನೆ. ನನ್ನ ತಮ್ಮ ಕರೆದಿರಲಿಲ್ಲ. ಕರೆದರೆ ಅಕ್ಕ ಬರುತ್ತಾಳೆ ಅನ್ನುವ ನಂಬಿಕೆ ನಾನು ಕೊಟ್ಟಿರಲಿಲ್ಲ.
— ಒಬ್ಬ ಅಕ್ಕ, ತುಮಕೂರು

ಬೇರೆ ಅಭಿಪ್ರಾಯದ ಪತ್ರಗಳೂ ಬಂದಿವೆ. ಅವುಗಳಲ್ಲಿ ಒಂದು.

ಇಂಥವರ ಮೇಲೆ ನನಗೆ ದ್ವೇಷವಿಲ್ಲ. 34 ವರ್ಷ ಪಾಠ ಮಾಡಿದ್ದೇನೆ, ನನ್ನ ಹುಡುಗರಲ್ಲೂ ಇದ್ದಿರಬೇಕು. ಆದರೆ ಯಾರಿಗೆ ಯಾರ ಮೇಲೆ ಪ್ರೀತಿ ಅನ್ನುವುದು ಮನೆಯೊಳಗಿನ ವಿಷಯ. ಗಂಡ ಹೆಂಡತಿ ಅಂತ ನಾವು ಮೆರವಣಿಗೆ ಹೋಗುತ್ತೇವೆಯೇ? ರಸ್ತೆಯಲ್ಲಿ ಕುಣಿದರೆ ಗೌರವ ಹೆಚ್ಚುವುದಿಲ್ಲ. ತಾಯಿ ಮನೆಯಲ್ಲೇ ಮಗನಿಗೆ ಒಬ್ಬಟ್ಟು ಮಾಡಿ ಬಡಿಸಲಿ.
— ನಿವೃತ್ತ ಶಿಕ್ಷಕ, ಹಾಸನ

ಒಬ್ಬಟ್ಟಿನ ಮಾತು ನಮಗೂ ಹಿಡಿಸಿತು. ಮೇಷ್ಟ್ರ ಪ್ರಶ್ನೆಗೆ ಮುಂದಿನ ಪತ್ರದಲ್ಲಿ ಉತ್ತರ ಸಿಗಬಹುದು.

ಮದುವೆಯಾದವರು ಮೆರವಣಿಗೆ ಮಾಡುತ್ತಾರಾ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಮಾಡುತ್ತೇವಲ್ಲ! ದಿಬ್ಬಣ ಅಂದರೆ ಮತ್ತೇನು? ವಾಲಗ, ಪಟಾಕಿ, ಅರ್ಧ ರಸ್ತೆ ನಮ್ಮದೇ. ಊರಿಗೆಲ್ಲ ಗೊತ್ತಾಗಲಿ ಅಂತಲೇ ಅಲ್ವಾ?

ಪ್ರೈಡ್ ಹುಟ್ಟಿದ್ದು ಮಾತ್ರ ಸಂಭ್ರಮಕ್ಕಲ್ಲ. 1969ರ ಜೂನ್ 28ರ ಬೆಳಗಿನ ಜಾವ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ, ಸಲಿಂಗಿಗಳು ಸೇರುತ್ತಿದ್ದ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದರು. ಅಂಥ ದಾಳಿಗಳು ಆಗ ಮಾಮೂಲು. ಆವತ್ತು ಮಾತ್ರ ಜನ ತಿರುಗಿ ನಿಂತರು. ಮರುವರ್ಷ ಅದೇ ದಿನ, ಅದನ್ನು ನೆನೆದು ಬೀದಿಯಲ್ಲಿ ನಡೆದರು. ನಮ್ಮ ದೇಶದಲ್ಲಿ ಮೊದಲು ನಡೆದದ್ದು ಕೋಲ್ಕತ್ತದಲ್ಲಿ, 1999ರ ಜುಲೈ 2ರಂದು. ಇದ್ದವರು ಸುಮಾರು 15 ಜನ.

ಇನ್ನು ಕಾನೂನು ಬದಲಾಯಿತು ಅನ್ನುವ ಮಾತು. ಎಷ್ಟು ಸಲ ಬದಲಾಯಿತು ನೋಡಿ. 2009ರಲ್ಲಿ ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಹಲ್ಲು ಕಿತ್ತಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ನಾಲ್ಕು ವರ್ಷ ಧೈರ್ಯವಾಗಿ ಬಾಯಿಬಿಟ್ಟು ಹೇಳಿಕೊಂಡವರೆಲ್ಲ ಒಂದೇ ದಿನದಲ್ಲಿ ಮತ್ತೆ ಅಪರಾಧಿಗಳಾದರು. 2017ರಲ್ಲಿ ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂತು. ಅದು 2018ರ ತೀರ್ಪಿಗೆ ದಾರಿ ಮಾಡಿಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೇಳಿದಾಗ ಕೋರ್ಟ್ ಕೊಡಲಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ ಸ್ಪಷ್ಟಪಡಿಸಿತು. ಕೈಗೆ ಬಂದದ್ದು ಒಮ್ಮೆ ಜಾರಿದ್ದನ್ನು ಕಂಡವರು ಮನೆಯಲ್ಲಿ ಸುಮ್ನೆ ಕೂರುವುದಿಲ್ಲ.
— ವಕೀಲೆ, ಬೆಂಗಳೂರು

ನಮ್ಮವರೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನು ಬಾಡಿಗೆ ಮನೆ ಕೇಳಿಕೊಂಡು ಹೋದರೆ ಬಾಗಿಲು ಹಾಕುತ್ತೀರಿ. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ನಮ್ಮಂಥ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಖುಷಿಯೇ. ಆದರೆ ಅರ್ಜಿ ಹಾಕೋಕೆ ಓದಿರಬೇಕಲ್ಲ? ನಾನು ಎಂಟನೇ ಕ್ಲಾಸಿನಲ್ಲಿ ಮನೆ ಬಿಟ್ಟವಳು.

ಮೆರವಣಿಗೆ ಅಂದರೆ ನಿಮ್ಮ ಮಗನಂಥ ಓದಿದ ಹುಡುಗರಷ್ಟೇ ಅಂದುಕೊಳ್ಳಬೇಡಿ. ನಾವೂ ಇರುತ್ತೇವೆ. ನಮ್ಮಲ್ಲಿ ಜಾಸ್ತಿ ಜನಕ್ಕೆ ಅಮ್ಮ ಬಂದಿರುವುದಿಲ್ಲ. ನೀವು ಬಂದರೆ, ಹಿಂದಿನಿಂದ ಯಾರಾದರೂ “ಅಮ್ಮಾ” ಅಂದಾಗ ತಿರುಗಿ ನೋಡಿ.
— ಬಳ್ಳಾರಿಯಿಂದ

ನಾನೂ ಸಲಿಂಗಿ. ಮನೆಯಲ್ಲಿ ಗೊತ್ತಿಲ್ಲ. ಹೋದ ಸಲ ಮೆರವಣಿಗೆಗೆ ಬಂದಿದ್ದೆ, ಯಾರೋ ತೆಗೆದ ವಿಡಿಯೊ ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಪುಣ್ಯಕ್ಕೆ ನನ್ನ ಬೆನ್ನು ಮಾತ್ರ ಕಂಡಿತು. ಆಂಟಿ, ದಯವಿಟ್ಟು ಬನ್ನಿ. ಆದರೆ ಮಗನ ಫೋಟೊ ಹಾಕುವಾಗ ಹಿಂದೆ ಯಾರಿದ್ದಾರೆ ಅಂತ ಒಂದು ಸಲ ನೋಡಿ.
— ಕಲಬುರಗಿ

ತಾಯಿ ಕೇಳದ ಒಂದು ಪ್ರಶ್ನೆಗೆ ವೈದ್ಯರೊಬ್ಬರು ಉತ್ತರ ಕಳಿಸಿದ್ದಾರೆ. ಬೇರೆ ಮನೆಗಳಿಗೆ ಬೇಕಾಗಬಹುದು ಎಂದು ಹಾಕಿದ್ದೇವೆ.

“ಇದನ್ನು ಸರಿಮಾಡಿ ಕೊಡಿ” ಎಂದು ಮಕ್ಕಳನ್ನು ಕರೆತರುವ ಅಪ್ಪ ಅಮ್ಮ ಈಗಲೂ ಇದ್ದಾರೆ. ಇದು ಕಾಯಿಲೆಯಲ್ಲ, ಇದಕ್ಕೆ ಔಷಧಿಯಿಲ್ಲ. ಬದಲಾಯಿಸುತ್ತೇವೆ ಎಂದು ವೈದ್ಯರು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.
— ಮನೋವೈದ್ಯ, ಶಿವಮೊಗ್ಗ

ಕೊನೆಯ ಪತ್ರ, ಹೋಗಿ ಬಂದವರದು.

ನನ್ನ ಮಗಳು ಕರೆದಾಗ ನನಗೂ ನಿಮ್ಮದೇ ಯೋಚನೆ. ಮೊದಲು ಉಪಯೋಗಕ್ಕೆ ಬರುವುದನ್ನು ಹೇಳಿಬಿಡುತ್ತೇನೆ. ಮಧ್ಯಾಹ್ನದ ಬಿಸಿಲು ಜೋರಾಗಿರುತ್ತದೆ, ನೀರು ಇಟ್ಟುಕೊಳ್ಳಿ. ಹೊಸ ಚಪ್ಪಲಿ ಬೇಡ. ತಮಟೆಯವರ ಹಿಂದೆಯೇ ನಿಂತರೆ ಕಿವಿಗೆ ಕಷ್ಟ, ಸ್ವಲ್ಪ ದೂರ ಇರಿ. ಬಣ್ಣದ ಸೀರೆ ಉಟ್ಟರೆ ಎಲ್ಲರೂ ಹೊಗಳುತ್ತಾರೆ.

ನಾವು ಹೋದ ವರ್ಷ ಮೆಜೆಸ್ಟಿಕ್ ಹತ್ತಿರದ ತುಳಸಿ ತೋಟದಿಂದ ಟೌನ್‌ಹಾಲ್‌ವರೆಗೆ ಇತ್ತು. ಮಗಳು ರಸ್ತೆಯಲ್ಲಿ ನಡೆದಳು. ನಾನು ಫುಟ್‌ಪಾತ್ ಮೇಲೆ ನಡೆದೆ, ಸುಮ್ನೆ ನೋಡೋಕೆ ಬಂದವಳ ಥರ. ಅವಳು ಆಗಾಗ ತಿರುಗಿ ನೋಡುತ್ತಿದ್ದಳು, ಬಾ ಅಂತ ಒಂದು ಸಲವೂ ಅನ್ನಲಿಲ್ಲ. ಅರ್ಧ ದಾರಿಯಲ್ಲಿ ಫುಟ್‌ಪಾತ್ ಅಗೆದಿದ್ದರು. ಇಳಿಯಲೇಬೇಕಾಯಿತು. ಅವಳು ಬಂದು ಕೈ ಹಿಡಿದಳು. ಮುಂದೆ ಫುಟ್‌ಪಾತ್ ಸರಿಯಾಗಿತ್ತು, ನಾನು ಮತ್ತೆ ಹತ್ತಲಿಲ್ಲ.
— ಇನ್ನೊಬ್ಬ ಅಮ್ಮ, ಬೆಂಗಳೂರು