[ಪದಚರ್ಚೆ] ವಿಡಿಯೊದಲ್ಲಿ ಜ್ಯೂರಿ ಆಯ್ಕೆ: ಕನ್ನಡದಲ್ಲಿ ಏನನ್ನೋಣ?

ಬೆಲ್‌ವ್ಯೂ, ವಾಷಿಂಗ್ಟನ್‌ನಿಂದ:

ಗೆಳೆಯರೇ, ಶುಕ್ರವಾರದೊಳಗೆ ಪದ ಬೇಕು. ಅಮೆರಿಕದ ಪೌರತ್ವ ಪಡೆದವರಿಗಾಗಿ ನಮ್ಮ ಕನ್ನಡ ಕೂಟ ಒಂದು ಕೈಪಿಡಿ ತರುತ್ತಿದೆ. ಜ್ಯೂರಿ ಕರೆಯ ಪುಟ ನನ್ನ ಪಾಲಿಗೆ ಬಂದಿದೆ. (ಜ್ಯೂರಿ ಎಂದರೆ ಕೋರ್ಟಿನಲ್ಲಿ ಸಾಕ್ಷಿ ಕೇಳಿ ತೀರ್ಮಾನ ಕೊಡುವ ಸಾಮಾನ್ಯ ಜನರ ಗುಂಪು.) ಜ್ಯೂರಿಯಲ್ಲಿ ಕೂರಲು ಇಂಗ್ಲಿಷ್ ಬರಬೇಕು, ನಿಜ. ಆದರೆ ಕೋರ್ಟಿನ ಕಾಗದ ಬಂತೆಂದರೆ ಮನೆಯ ಹಿರಿಯರು ಗಾಬರಿಯಾಗುತ್ತಾರೆ. ಅವರಿಗೂ ಅರ್ಥವಾಗಬೇಕು.

ಸಿಯಾಟಲ್ ಇರುವ ಕಿಂಗ್ ಕೌಂಟಿಯ ಕೋರ್ಟು 2020ರ ಕೋವಿಡ್ ಕಾಲದಲ್ಲಿ ಜ್ಯೂರಿ ಆಯ್ಕೆಯನ್ನು ಜೂಮ್‌ಗೆ ತಂದಿತು. ಕೋವಿಡ್ ಮುಗಿದ ಮೇಲೂ ಬಿಡಲಿಲ್ಲ. ಕರೆ ಬಂದವರು ಮನೆಯಿಂದಲೇ ವಿಡಿಯೊದಲ್ಲಿ ಕೂರುತ್ತಾರೆ. ಜಡ್ಜ್ ಮತ್ತು ಎರಡೂ ಕಡೆಯ ವಕೀಲರು ಪ್ರಶ್ನೆ ಕೇಳುತ್ತಾರೆ. ಈ ಪ್ರಶ್ನೆ ಕೇಳುವ ಹಂತಕ್ಕೆ ಇಲ್ಲಿ ‘ವಾರ್ ಡೀರ್’ ಎನ್ನುತ್ತಾರೆ. ಆಮೇಲೆ ಬೇಡವಾದವರನ್ನು ಕೈಬಿಡುತ್ತಾರೆ. ಕೈಬಿಡುವುದು ಎರಡು ಬಗೆ: ಕಾರಣ ಕೊಟ್ಟು ಎಷ್ಟು ಜನರನ್ನಾದರೂ, ಕಾರಣ ಹೇಳದೆ ಇಂತಿಷ್ಟೇ ಜನರನ್ನು. ಇವಿಷ್ಟಕ್ಕೂ ಪದ ಬೇಕು.

ಶಿವಮೊಗ್ಗದಿಂದ:

‘ಜ್ಯೂರಿ’ ಯಾಕೆ? ಮೂಲ ಲ್ಯಾಟಿನ್‌ನಲ್ಲಿ ಅದರ ಬೇರು ಪ್ರಮಾಣ ಮಾಡು ಎಂಬುದು. ಆದ್ದರಿಂದ ‘ಆಣೆಗಾರರು’. ವಾರ್ ಡೀರ್ ಎಂಬುದರಲ್ಲಿ ಇರುವುದು ಫ್ರೆಂಚಿನ ‘ನೋಡು’ ಅಲ್ಲ, ಹಲವರು ಹಾಗೆ ತಿಳಿದಿದ್ದಾರೆ. ಅದು ಹಳೆಯ ಫ್ರೆಂಚಿನ ‘ನಿಜ’, ಲ್ಯಾಟಿನ್‌ನ ‘ವೇರುಮ್’. ಹಾಗಾಗಿ ‘ದಿಟನುಡಿ’. ಎರಡೂ ಅಚ್ಚಗನ್ನಡ. ಎರವಲು ಬೇಕಿಲ್ಲ.

ಮೈಸೂರಿನಿಂದ:

ಆಣೆ ಅಚ್ಚಗನ್ನಡವೇ? ಆಜ್ಞೆಯ ತದ್ಭವ ಅದು. ಶಾಲಾ ಪುಸ್ತಕದಲ್ಲೇ ಇದೆ.

‘ನ್ಯಾಯದರ್ಶಿ’ ಎಂಬ ಪದ ಆಗಲೇ ಇದೆ. ‘ನ್ಯಾಯದರ್ಶಿ ಮಂಡಳಿಯ ದೂರದೃಶ್ಯ ಆಯ್ಕೆ’ ಎಂದು ಹಾಕಿ.

ಬೆಲ್‌ವ್ಯೂನಿಂದ:

ಸರ್, ‘ದೂರದೃಶ್ಯ ಆಯ್ಕೆ’ ಎಂದರೆ ನಮ್ಮ ಅತ್ತೆ ದೂರದರ್ಶನದ ಕಾರ್ಯಕ್ರಮ ಅಂದುಕೊಳ್ಳುತ್ತಾರೆ. ‘ಪಂಚರು’ ಆಗಬಹುದಾ? ಹಳ್ಳಿಯಲ್ಲಿ ಪಂಚಾಯ್ತಿ ಮಾಡುವವರೂ ಊರಿನ ಜನರೇ ಅಲ್ವಾ.

ಧಾರವಾಡದಿಂದ, ವಕೀಲಿ ಮಾಡುವವನು:

ಪಂಚರು ಬೇಡವೇ ಬೇಡ. ನಮ್ಮ ಕೋರ್ಟುಗಳಲ್ಲಿ ಪಂಚರು ಎಂದರೆ ಪೊಲೀಸರು ಮಹಜರು ಮಾಡುವಾಗ ಪಕ್ಕ ನಿಂತು ಸಹಿ ಹಾಕುವ ಸಾಕ್ಷಿಗಳು. ಜ್ಯೂರಿ ಸಾಕ್ಷಿ ಹೇಳುವುದಿಲ್ಲ, ಸಾಕ್ಷಿ ಕೇಳಿ ತೀರ್ಮಾನ ಕೊಡುತ್ತದೆ. ‘ತೀರ್ಪುಗಾರರು’ ಎಂದರೂ ಜನರಿಗೆ ಕಬಡ್ಡಿ ಪಂದ್ಯವೋ ಸಿನಿಮಾ ಪ್ರಶಸ್ತಿಯೋ ನೆನಪಾಗುತ್ತದೆ. ‘ಜ್ಯೂರಿ’ ಎಂದೇ ಬರೆಯಿರಿ. ಈ ಪದ ನಮಗೆ ಹೊಸದಲ್ಲ. ಬಾಂಬೆಯ ನಾನಾವತಿ ಕೊಲೆ ಪ್ರಕರಣದಲ್ಲಿ 1959ರಲ್ಲಿ 8–1ರಿಂದ ನಿರ್ದೋಷಿ ಎಂದದ್ದು ಜ್ಯೂರಿಯೇ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಪದ್ಧತಿ ಹೋಯಿತು, ಪದ ಹೋಗಲಿಲ್ಲ.

ನನಗೆ ತಕರಾರಿರುವುದು ‘ಆಯ್ಕೆ’ಯ ಬಗ್ಗೆ. ಅಲ್ಲಿ ಯಾರೂ ‘ಇವರು ಬೇಕು’ ಎಂದು ಆಯುವುದಿಲ್ಲ. ‘ಇವರು ಬೇಡ’ ಎಂದು ತೆಗೆಯುತ್ತಾರೆ, ಉಳಿದವರು ಕೂರುತ್ತಾರೆ. ಅದಕ್ಕೆ ‘ಆರಿಸುವುದು’ ಸರಿ. ಅಕ್ಕಿ ಆರಿಸುವಾಗ ಕೈ ಹಾಕುವುದು ಕಲ್ಲಿಗೆ, ಮೊರದಲ್ಲಿ ಉಳಿಯುವುದು ಅಕ್ಕಿ. (ನಮ್ಮ ಕಡೆ ಹಸನ ಮಾಡೋದು ಅಂತೀವಿ.) ಕೈಬಿಡುವುದಕ್ಕೆ ‘ಕಾರಣದ ತಕರಾರು’, ‘ಕಾರಣ ಹೇಳದ ತಕರಾರು’ ಎನ್ನಿ. ಪಕ್ಕದಲ್ಲೇ ಒಂದು ಸಾಲು ಸೇರಿಸಿ: ಕಾರಣ ಹೇಳದಿದ್ದರೂ ಜನಾಂಗ ನೋಡಿ ಕೈಬಿಡುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1986ರ ಬ್ಯಾಟ್ಸನ್ ತೀರ್ಪು ಅದನ್ನು ತಡೆದಿದೆ. ಓದುವವರು ನಮ್ಮವರು, ಅವರಿಗೆ ಇದು ಗೊತ್ತಿರಲೇಬೇಕು.

ಶಿವಮೊಗ್ಗದಿಂದ:

ತಕರಾರು ಅರಬ್ಬಿಯದು. ಕೋರ್ಟು, ಜಡ್ಜ್, ಜ್ಯೂರಿ ಇಂಗ್ಲಿಷಿನವು. ಕೊನೆಗೆ ಕನ್ನಡಕ್ಕೆ ಉಳಿಯುವುದು ಪ್ರತ್ಯಯ ಮಾತ್ರ. ಹೀಗೇ ಬಿಟ್ಟುಕೊಡುತ್ತಾ ಹೋದರೆ ಮುಂದಿನವರು ಹೊಸ ಪದ ಕಟ್ಟುವುದನ್ನೇ ಮರೆಯುತ್ತಾರೆ.

ಧಾರವಾಡದಿಂದ:

ವಕೀಲ, ಅರ್ಜಿ, ಫಿರ್ಯಾದಿ, ಜಾಮೀನು, ಪಾಟೀಸವಾಲು. ಇವನ್ನು ತೆಗೆದರೆ ಕೋರ್ಟಿಗೆ ಬಂದ ರೈತನೊಂದಿಗೆ ನಾನು ಯಾವ ಭಾಷೆಯಲ್ಲಿ ಮಾತಾಡಲಿ? ಅವನಿಗೆ ಇವು ಕನ್ನಡವೇ. ಪದ ಕಟ್ಟಿ, ಬೇಡ ಎನ್ನುವುದಿಲ್ಲ. ಹೆದರಿ ಕೂತವರ ಕೈಗೆ ಕೊಡುವ ಕಾಗದದಲ್ಲಿ ಮಾತ್ರ ಅದರ ಪರೀಕ್ಷೆ ಬೇಡ.

ಮೈಸೂರಿನಿಂದ:

ಆಡುಮಾತೇ ಪ್ರಮಾಣ ಎನ್ನುವುದಾದರೆ ಈ ಪದಚರ್ಚೆ ಯಾಕೆ? ನ್ಯಾಯದರ್ಶಿಯಲ್ಲೇ ನಿಲ್ಲುತ್ತೇನೆ.

ಬೆಲ್‌ವ್ಯೂನಿಂದ:

ತಲೆಬರಹ ‘ವಿಡಿಯೊ ಮೂಲಕ ಜ್ಯೂರಿ ಆರಿಸುವುದು’ ಎಂದು ಹಾಕುತ್ತೇನೆ. ವಾರ್ ಡೀರ್‌ಗೆ ‘ಆರಿಸುವ ಮುಂಚಿನ ಪ್ರಶ್ನೆಗಳು’. ತಕರಾರು ಎರಡೂ ಇರುತ್ತವೆ, ಬ್ಯಾಟ್ಸನ್ ಸಾಲೂ ಇರುತ್ತದೆ. ‘ದಿಟನುಡಿ’ ಚೆಂದವಾಗಿದೆ, ಆದರೆ ಓದಿದವರು ಪ್ರಮಾಣವಚನ ಅಂದುಕೊಳ್ಳಬಹುದು, ಅದಕ್ಕೇ ಬಿಟ್ಟೆ.

ಇನ್ನೊಂದು ಸಾಲು ಬಾಕಿ. 2020ರ ಮೇನಲ್ಲಿ ಟೆಕ್ಸಸ್‌ನ ಕಾಲಿನ್ ಕೌಂಟಿ ಜೂಮ್‌ನಲ್ಲಿ ಪ್ರಾಯೋಗಿಕವಾಗಿ ಜ್ಯೂರಿ ವಿಚಾರಣೆ ನಡೆಸಿತ್ತು. ವಿಮೆಯ ವ್ಯಾಜ್ಯ, ತೀರ್ಮಾನ ಕಡ್ಡಾಯವಲ್ಲ. ಬಿಡುವಿನಲ್ಲಿ ಜ್ಯೂರಿಯ ಒಬ್ಬರು ಫೋನ್ ಬಂತೆಂದು ಕ್ಯಾಮೆರಾದ ಮುಂದಿಂದ ಎದ್ದು ಹೋದರು. ಜಡ್ಜ್ ಕರೆದರೂ ಕೇಳಿಸಲಿಲ್ಲ. ನಮ್ಮವರು ಹಾಗೆ ಮಾಡಬಾರದು. ‘ಮನೆಯಲ್ಲಿದ್ದರೂ ನೀವು ಕೋರ್ಟಿನಲ್ಲಿದ್ದೀರಿ. ಕ್ಯಾಮೆರಾದ ಮುಂದಿಂದ ಏಳಬೇಡಿ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುತ್ತಾ? ಗುರುವಾರ ರಾತ್ರಿಯವರೆಗೆ ಕಾಯುತ್ತೇನೆ.

ಶಿವಮೊಗ್ಗದಿಂದ:

‘ಮನೆಯೇ ಕೋರ್ಟು, ಏಳಬೇಡಿ.’ ಕೋರ್ಟು ನಿಮ್ಮದು, ಉಳಿದದ್ದು ಕನ್ನಡ.